ಹೊಸ ಪಿಕಪ್‌ಗೆ ಯಾವ ಇಂಜಿನ್ ಆಯಿಲ್? ಡಬ್ಬದ ಮೇಲಿರೋದನ್ನ ಓದೋದು ಹೇಗೆ ಅಂತ ನೋಡೋಣ

2025ರ ಏಪ್ರಿಲ್‌ನಲ್ಲಿ ಜನರಲ್ ಮೋಟರ್ಸ್ ಒಂದು ದೊಡ್ಡ ರೀಕಾಲ್ ಮಾಡ್ತು. 2021ರಿಂದ 2024ರ ವರೆಗಿನ 6.2 ಲೀಟರ್ ವಿ8 ಇಂಜಿನ್ ಇರೋ ಸಿಲ್ವರಾಡೋ, ಸಿಯೆರಾ ಪಿಕಪ್‌ಗಳು, ಜೊತೆಗೆ ಅದೇ ಇಂಜಿನ್ ಹಾಕಿರೋ ದೊಡ್ಡ ಎಸ್‌ಯುವಿಗಳು, ಅಮೆರಿಕ ಒಂದರಲ್ಲೇ ಸುಮಾರು 6 ಲಕ್ಷ ಗಾಡಿ. ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ಶಾಫ್ಟ್ ತಯಾರಾಗುವಾಗಲೇ ದೋಷ ಉಳಿದುಬಿಟ್ಟಿತ್ತು. ಚೆಕ್ ಮಾಡಿದಾಗ ಫೇಲ್ ಆದ ಇಂಜಿನ್‌ಗಳನ್ನ ರಿಪೇರಿ ಮಾಡೋದು ಇಲ್ಲಾ ಪೂರ್ತಿ ಬದಲಾಯಿಸೋದು, ಅದು ಸಹಜ. ಆದ್ರೆ ಪಾಸ್ ಆದ ಗಾಡಿಗಳಿಗೆ ಏನು ಮಾಡಿದ್ರು ಅನ್ನೋದು ನನಗೆ ಮುಖ್ಯ ಅನ್ಸಿದ್ದು, ಅವುಗಳಲ್ಲಿದ್ದ ತೆಳು 0ಡಬ್ಲ್ಯು-20 ಆಯಿಲ್ ಇಳಿಸಿ ಅದಕ್ಕಿಂತ ಗಟ್ಟಿಯಾದ 0ಡಬ್ಲ್ಯು-40 ತುಂಬಿದ್ರು, ಫಿಲ್ಟರ್ ಬದಲಾಯಿಸಿದ್ರು, ಆಯಿಲ್ ತುಂಬೋ ಬಾಯಿಯ ಮುಚ್ಚಳನೂ ಹೊಸ ನಂಬರ್ ಇರೋದು ಹಾಕಿದ್ರು, ಮ್ಯಾನ್ಯುಯಲ್‌ಗೆ ಸೇರಿಸೋಕೆ ಒಂದು ಹೊಸ ಹಾಳೆ ಕೊಟ್ರು.

ಈ ಸುದ್ದಿ ಬಂದಿದ್ದೇ ತಡ ಜನ ಎರಡು ಪಕ್ಷ ಆದ್ರು. ಒಂದು ಪಕ್ಷ "ನೋಡಿ, ತೆಳು ಆಯಿಲ್ ಅನ್ನೋದೇ ಇಂಜಿನ್ ಕೆಡಿಸೋ ಕೆಲಸ, ಎಲ್ಲಾ ಪಿಕಪ್‌ಗೂ ಗಟ್ಟಿ ಆಯಿಲ್ ಹಾಕಿ" ಅಂತು. ಇನ್ನೊಂದು ಪಕ್ಷ "ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದು ಹಾಕಿ ಸುಮ್ನಿರಿ, ತಲೆ ಕೆಡಿಸ್ಕೋಬೇಡಿ" ಅಂತು. ನಾನು ಎರಡನೇ ಪಕ್ಷದ ಕಡೆಗೇ ಜಾಸ್ತಿ ವಾಲ್ತೀನಿ, ಆದ್ರೆ ಮ್ಯಾನ್ಯುಯಲ್ ಹೇಳೋದು ಒಂದು ನಂಬರ್ ಮಾತ್ರ ಅಲ್ಲ, ಅದರ ಪಕ್ಕ ಒಂದು ಅಕ್ಷರಗಳ ಸಾಲು ಇರತ್ತೆ, ಆ ಸಾಲನ್ನ ಬಹಳ ಜನ ಓದೋದೇ ಇಲ್ಲ, ಹೊಸ ಇಂಜಿನ್‌ಗೆ ನಂಬರ್‌ಗಿಂತ ಆ ಸಾಲೇ ಹೆಚ್ಚು ಮುಖ್ಯ ಅನ್ನೋದು ಈ ಲೇಖನದಲ್ಲಿ ನಾನು ಹೇಳಬೇಕು ಅನ್ಕೊಂಡಿರೋ ಮಾತು.

ಆದ್ರೂ ಮೊದ್ಲು ನಂಬರ್ ವಿಷಯನೇ ತಗೊಳ್ಳೋಣ, ತಪ್ಪು ತಿಳುವಳಿಕೆ ಶುರುವಾಗೋದು ಅಲ್ಲಿಂದನೇ. 5ಡಬ್ಲ್ಯು-30 ಅಂತ ಬರೆದಿದ್ರೆ ತಣ್ಣಗಿದ್ದಾಗ 5ರಷ್ಟು ತೆಳುವಾಗಿರತ್ತೆ, ಬಿಸಿಯಾದಾಗ 30ರಷ್ಟು ಗಟ್ಟಿಯಾಗತ್ತೆ ಅಂತ ಎಷ್ಟೋ ಮೆಕ್ಯಾನಿಕ್‌ಗಳೂ ಹೇಳ್ತಾರೆ. ಹಂಗಿಲ್ಲ. ಕಾದಮೇಲೆ ಗಟ್ಟಿಯಾಗೋ ಇಂಜಿನ್ ಆಯಿಲ್ ಯಾವುದೂ ಇಲ್ಲ, ಬಾಣಲೆಗೆ ಹಾಕಿದ ಎಣ್ಣೆ ಥರಾನೇ ಇದೂ ಬಿಸಿಯಾದಷ್ಟೂ ನೀರಾಗ್ತಾ ಹೋಗತ್ತೆ. ಮಾಮೂಲಿ 5ಡಬ್ಲ್ಯು-30 ಒಂದನ್ನ ತಗೊಂಡ್ರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವಿಸ್ಕಾಸಿಟಿ, ಅಂದ್ರೆ ಹರಿಯೋಕೆ ಅದು ಒಡ್ಡೋ ತಡೆ, ಸುಮಾರು 60ರಿಂದ 70 ಸೆಂಟಿಸ್ಟೋಕ್ ಇರತ್ತೆ, 100 ಡಿಗ್ರಿಗೆ ಬರೋಷ್ಟರಲ್ಲಿ ಅದು 10-11ಕ್ಕೆ ಇಳಿದಿರತ್ತೆ. ಬೆಳಿಗ್ಗೆ ಎದ್ದು ಸ್ಟಾರ್ಟ್ ಮಾಡೋವಾಗ ಆಯಿಲ್ ಯಾವತ್ತೂ ಇಂಜಿನ್‌ಗೆ ಬೇಕಿರೋದಕ್ಕಿಂತ ಗಟ್ಟಿಯಾಗೇ ಇರತ್ತೆ, ಎಷ್ಟೇ ತೆಳು ಆಯಿಲ್ ಆಗ್ಲಿ.

ಹಂಗಾದ್ರೆ ಆ 5 ಏನು, 30 ಏನು? ಅವೆರಡೂ ಒಂದೇ ಅಳತೆಗೋಲಿನ ಮೇಲಿನ ನಂಬರ್‌ಗಳೇ ಅಲ್ಲ. ಡಬ್ಲ್ಯು ಅಂದ್ರೆ ವೆಯ್ಟ್ ಅಲ್ಲ, ವಿಂಟರ್. ಎಸ್‌ಎಇ ಅನ್ನೋ ಇಂಜಿನಿಯರ್‌ಗಳ ಸಂಸ್ಥೆ ಜೆ300 ಅಂತ ಒಂದು ಸ್ಟ್ಯಾಂಡರ್ಡ್ ಇಟ್ಟಿದೆ, ಆಯಿಲ್‌ನ ಹಿಂಗೆ ವಿಂಗಡಿಸೋ ಕೆಲಸ ಅವರು 1911ರಿಂದಲೇ ಮಾಡ್ತಿದಾರೆ. ಅದರ ಪ್ರಕಾರ 5ಡಬ್ಲ್ಯು ಅನ್ನಿಸ್ಕೋಬೇಕಾದ್ರೆ ಮೈನಸ್ 30 ಡಿಗ್ರಿ ಚಳಿಯಲ್ಲಿ ಸ್ಟಾರ್ಟರ್ ಮೋಟರ್ ಇಂಜಿನ್‌ನ ತಿರುಗಿಸೋಕೆ ಆಗೋಷ್ಟು ಆಯಿಲ್ ಸಡಿಲ ಇರ್ಬೇಕು, ಮೈನಸ್ 35ರಲ್ಲಿ ಪಂಪ್ ಅದನ್ನ ಎಳ್ಕೋಳೋ ಹಂಗಿರ್ಬೇಕು. 0ಡಬ್ಲ್ಯು ಆದ್ರೆ ಎರಡೂ ಇನ್ನೈದು ಡಿಗ್ರಿ ಕೆಳಗೆ. 10ಡಬ್ಲ್ಯುಗೆ ತಿರುಗೋ ಟೆಸ್ಟ್ ಮೈನಸ್ 25ರಲ್ಲಿ, 15ಡಬ್ಲ್ಯುಗೆ ಮೈನಸ್ 20ರಲ್ಲಿ. ಅಷ್ಟೇ, ಮೊದಲ ನಂಬರ್ ಹೇಳೋದು ಇಷ್ಟನ್ನೇ, ಎಂಥ ಚಳಿಯವರೆಗೆ ಈ ಆಯಿಲ್ ಸ್ಟಾರ್ಟ್ ಆಗೋಕೆ ಬಿಡತ್ತೆ ಅಂತ. ಅದಕ್ಕೂ ಗಾಡಿ ಓಡೋವಾಗ ಸಿಗೋ ರಕ್ಷಣೆಗೂ ನೇರ ಸಂಬಂಧ ಇಲ್ಲ. ಜನರಲ್ ಮೋಟರ್ಸ್ ಬದಲಾಯಿಸಿದ್ದನ್ನ ಇನ್ನೊಂದ್ಸಲ ನೋಡಿ, 0ಡಬ್ಲ್ಯು ಹಂಗೇ ಇದೆ, ಹಿಂದಿನ ನಂಬರ್ ಮಾತ್ರ 20ರಿಂದ 40 ಆಗಿದೆ.

ಎರಡನೇ ನಂಬರ್ 100 ಡಿಗ್ರಿಯಲ್ಲಿ ಅಳೆಯೋದು. 20 ಅಂದ್ರೆ 6.9ರಿಂದ 9.3 ಸೆಂಟಿಸ್ಟೋಕ್ ಒಳಗೆ, 30 ಅಂದ್ರೆ 9.3ರಿಂದ 12.5ರ ಒಳಗೆ, 40 ಅಂದ್ರೆ 12.5ರಿಂದ 16.3ರ ಒಳಗೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಒಂದೇ 30 ಅನ್ನೋ ಹೆಸರಿನಡಿ 9.4 ಇರೋ ಆಯಿಲ್ಲೂ ಬರಬಹುದು, 12.3 ಇರೋದೂ ಬರಬಹುದು, ಎರಡೂ ನ್ಯಾಯವಾಗಿ 5ಡಬ್ಲ್ಯು-30ನೇ. ಇದರ ಜೊತೆಗೆ ಇನ್ನೊಂದು ಟೆಸ್ಟ್ ಇದೆ, ಎಚ್‌ಟಿಎಚ್‌ಎಸ್ ಅಂತಾರೆ, ನನ್ನ ಪ್ರಕಾರ ಪಿಕಪ್ ಇಟ್ಕೊಂಡೋರು ಕಲೀಲೇಬೇಕಾದ ಒಂದೇ ಒಂದು ಟೆಕ್ನಿಕಲ್ ಶಬ್ದ ಅಂದ್ರೆ ಇದೇ. ಲೋಡ್ ಹಾಕ್ಕೊಂಡು ಏರು ಹತ್ತೋವಾಗ ಕ್ರ್ಯಾಂಕ್ ಬೇರಿಂಗ್ ಒಳಗೆ ಲೋಹಕ್ಕೂ ಲೋಹಕ್ಕೂ ಮಧ್ಯ ಇರೋ ಆಯಿಲ್ ಪದರ ಕೂದಲೆಳೆಗಿಂತ ಹತ್ತಾರು ಪಟ್ಟು ತೆಳು ಆಗಿರತ್ತೆ, ಆ ಇಕ್ಕಟ್ಟಿನಲ್ಲಿ ಆಯಿಲ್ ವಿಪರೀತ ಬಿಸಿಯಲ್ಲಿ ವಿಪರೀತ ವೇಗದಲ್ಲಿ ಉಜ್ಜಿಸ್ಕೊಳ್ತಾ ಇರತ್ತೆ. ಅದೇ ಪರಿಸ್ಥಿತಿನ ಲ್ಯಾಬ್‌ನಲ್ಲಿ 150 ಡಿಗ್ರಿ ಬಿಸಿಯಲ್ಲಿ ಮಾಡಿ ನೋಡೋದು ಈ ಟೆಸ್ಟ್. ಇದರ ಅಳತೆ ಸೆಂಟಿಸ್ಟೋಕ್ ಅಲ್ಲ, ಮಿಲಿಪ್ಯಾಸ್ಕಲ್-ಸೆಕೆಂಡ್, 20 ಗ್ರೇಡ್‌ಗೆ ಕನಿಷ್ಠ 2.6, 30ಕ್ಕೆ ಕನಿಷ್ಠ 2.9, 0ಡಬ್ಲ್ಯು-40 ಮತ್ತೆ 5ಡಬ್ಲ್ಯು-40ಕ್ಕೆ 3.5, 15ಡಬ್ಲ್ಯು-40ಕ್ಕೆ 3.7. ಬೇರಿಂಗ್ ಕಾಣೋ ಆಯಿಲ್ ಇದೇ. ಡಬ್ಬದ ಮೇಲೆ ಈ ನಂಬರ್ ಬರೆದಿರಲ್ಲ, ಕಂಪನಿಯ ಪ್ರಾಡಕ್ಟ್ ಡೇಟಾ ಶೀಟ್‌ನಲ್ಲಿ ಸಾಮಾನ್ಯವಾಗಿ ಸಿಗತ್ತೆ, ಹುಡುಕಿ ನೋಡಿ.

ಈಗ ತೆಳು ಆಯಿಲ್ ಮೇಲಿರೋ ಆರೋಪಕ್ಕೆ ಬರೋಣ. ತಯಾರಕರು 0ಡಬ್ಲ್ಯು-20, 0ಡಬ್ಲ್ಯು-16 ಕಡೆ ಹೋಗಿರೋದಕ್ಕೆ ಮೈಲೇಜ್ ನಿಯಮಗಳು ದೊಡ್ಡ ಕಾರಣ ಅನ್ನೋದು ನಿಜ, ಮುಚ್ಚಿಡೋ ವಿಷಯ ಅಲ್ಲ. ಆಯಿಲ್ ತೆಳುವಾದ್ರೆ ಪಂಪ್‌ಗೆ, ಪಿಸ್ಟನ್‌ಗೆ ತಡೆ ಕಮ್ಮಿ, ಗಾಡಿ ಒಂದಕ್ಕೆ ಉಳಿಯೋ ಇಂಧನ ಸ್ವಲ್ಪನೇ ಆದ್ರೂ ಲಕ್ಷಾಂತರ ಗಾಡಿಗೆ ಲೆಕ್ಕ ಹಾಕಿದಾಗ ಕಂಪನಿಗೆ ಅದು ದೊಡ್ಡದು. ಆದ್ರೆ ಅದರರ್ಥ ಇಂಜಿನ್‌ನ ಬಲಿ ಕೊಟ್ಟಿದಾರೆ ಅಂತ ಅಲ್ಲ, ಆ ಆಯಿಲ್‌ಗೆ ಹೊಂದೋ ಹಂಗೆ ಬೇರಿಂಗ್ ಅಗಲ, ಕ್ಲಿಯರೆನ್ಸ್, ಆಯಿಲ್ ಪಂಪ್, ಕೂಲರ್ ಎಲ್ಲಾ ಸೇರಿಸಿ ಡಿಸೈನ್ ಮಾಡಿರ್ತಾರೆ. ಈಗಿನ ಇಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಬದಲಾಯಿಸೋದು, ಕೆಲವು ಸಿಲಿಂಡರ್ ಆಫ್ ಮಾಡೋದು, ಚೈನ್ ಟೆನ್ಶನರ್, ಇವೆಲ್ಲ ಆಯಿಲ್ ಪ್ರೆಶರ್ ಮೇಲೇ ಕೆಲಸ ಮಾಡೋದು, ಸಣ್ಣ ಸಣ್ಣ ದಾರಿಗಳಲ್ಲಿ ಆಯಿಲ್ ಹೇಳಿದ ಸಮಯಕ್ಕೆ ಹರಿದು ಹೋಗ್ಬೇಕು. ಅಲ್ಲಿಗೆ 20ಡಬ್ಲ್ಯು-50 ಸುರಿದ್ರೆ ಅದು ರಕ್ಷಣೆ ಅಲ್ಲ, ಆ ಇಂಜಿನ್‌ಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿದ ಹಂಗೆ.

ಹಂಗಂತ ಮ್ಯಾನ್ಯುಯಲ್‌ನ ನಂಬರ್ ಕಲ್ಲಲ್ಲಿ ಕೆತ್ತಿದ್ದೂ ಅಲ್ಲ. ಫೋರ್ಡ್ ತನ್ನ ಎಫ್-150 ಪಿಕಪ್‌ನ 5.0 ಲೀಟರ್ ವಿ8ಗೆ ಮೊದ್ಲು 5ಡಬ್ಲ್ಯು-20 ಹೇಳ್ತಿತ್ತು, 2021ರ ಮಾಡೆಲ್‌ನಿಂದ 5ಡಬ್ಲ್ಯು-30 ಅಂತು. ಒಂದೇ ಇಂಜಿನ್‌ಗೆ ಒಂದು ದೇಶದ ಮ್ಯಾನ್ಯುಯಲ್‌ನಲ್ಲಿ ಒಂದೇ ಗ್ರೇಡ್ ಇರತ್ತೆ, ಇನ್ನೊಂದು ದೇಶದ್ದರಲ್ಲಿ ಹೊರಗಿನ ಉಷ್ಣಾಂಶ ನೋಡಿ ಮೂರ್ನಾಲ್ಕು ಗ್ರೇಡ್ ಆರಿಸ್ಕೊಳ್ಳೋ ಚಾರ್ಟೇ ಇರತ್ತೆ. ಹಾಗಾಗಿ ನಾನು ಮಾಡೋದು ಇಷ್ಟು, ನನ್ನ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡ್‌ಗೆ ಅನುಮತಿ ಇದ್ರೆ ನನ್ನ ಕೆಲಸ ನೋಡ್ಕೊಂಡು ಅದರೊಳಗೇ ಆರಿಸ್ತೀನಿ, ಲೋಡ್ ಜಾಸ್ತಿ ಆದ್ರೆ ಅದರಲ್ಲಿರೋ ಗಟ್ಟಿ ಗ್ರೇಡ್. ಒಂದೇ ಗ್ರೇಡ್ ಇದ್ರೆ ವಾರಂಟಿ ಇರೋವರೆಗೆ ಅದನ್ನೇ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಟೇಬಲ್ ಕೆಳಗೆ ಸಣ್ಣಕ್ಷರದಲ್ಲಿ "ಹೆಚ್ಚು ವೇಗ ಅಥವಾ ಹೆಚ್ಚು ಭಾರದಲ್ಲಿ ಓಡಿಸೋದಾದ್ರೆ ಇನ್ನೂ ಹೆಚ್ಚಿನ ವಿಸ್ಕಾಸಿಟಿ ಸೂಕ್ತ ಆಗಬಹುದು" ಅನ್ನೋ ಅರ್ಥದ ಒಂದು ಸಾಲು ಇರತ್ತೆ. ಟ್ರೇಲರ್ ಎಳೆಯೋರಿಗೆ ಆ ಸಾಲು ಬಂಗಾರ, ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಹುಡುಕಿ.

ನಂಬರ್ ಮುಗೀತು, ಈಗ ಅಕ್ಷರಗಳು. ಇಲ್ಲೇ ನಿಜವಾದ ವಿಷಯ ಇರೋದು.

ಒಂದೇ 5ಡಬ್ಲ್ಯು-30 ಅಂತ ಬರೆದಿರೋ ಎರಡು ಡಬ್ಬ ಪಕ್ಕಪಕ್ಕ ಇಟ್ರೆ ಒಳಗಿರೋದು ಪೂರ್ತಿ ಬೇರೆ ಬೇರೆ ಆಗಿರಬಹುದು. ವಿಸ್ಕಾಸಿಟಿ ಅನ್ನೋದು ಹರಿಯೋ ಗುಣ ಮಾತ್ರ, ಆಯಿಲ್‌ನಲ್ಲಿ ಬೇಸ್ ಆಯಿಲ್ ಜೊತೆ ಕೊಳೆ ತೊಳೆಯೋ ಡಿಟರ್ಜೆಂಟ್, ಮಸಿನ ಗಂಟು ಕಟ್ಟದ ಹಂಗೆ ತೇಲಿಸಿಡೋ ಡಿಸ್ಪರ್ಸೆಂಟ್, ಸವೆತ ತಡೆಯೋ ಸತು-ರಂಜಕದ ಸಂಯುಕ್ತ, ನೊರೆ ತಡೆಯೋದು, ಬಿಸಿಯಲ್ಲಿ ವಿಸ್ಕಾಸಿಟಿ ಪೂರ್ತಿ ಬಿದ್ದುಹೋಗದ ಹಂಗೆ ಹಿಡಿಯೋ ಪಾಲಿಮರ್, ಹಿಂಗೆ ಎಷ್ಟೋ ರಾಸಾಯನಿಕ ಇರತ್ತೆ. ಯಾವುದು ಎಷ್ಟಿದೆ ಅಂತ ನಮಗೆ ನಿಮಗೆ ಗೊತ್ತಾಗಲ್ಲ. ಆದ್ರಿಂದ ಅದು ಯಾವ ಪರೀಕ್ಷೆ ಪಾಸಾಗಿದೆ ಅಂತ ನೋಡ್ಬೇಕು, ಆ ಪರೀಕ್ಷೆಯ ಹೆಸರೇ ಆ ಅಕ್ಷರಗಳು.

ಪೆಟ್ರೋಲ್ ಇಂಜಿನ್ ಪಿಕಪ್ ಆದ್ರೆ ಎಪಿಐ ಅನ್ನೋ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ 'ಎಸ್' ಸಾಲು. ಎಸ್‌ಎನ್, ಎಸ್‌ಪಿ ಅಂತ ಬರೆದಿರತ್ತೆ, ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಪಿ ಬಂದಿದ್ದು 2020ರ ಮೇ ತಿಂಗಳಲ್ಲಿ, ಎಸ್‌ಕ್ಯೂ ಬಂದಿದ್ದು 2025ರಲ್ಲಿ. ಈ ಸಾಲಿನಲ್ಲಿ ಹೊಸದು ಹಳೇದರ ಜಾಗ ತುಂಬತ್ತೆ, ಅಂದ್ರೆ ಮ್ಯಾನ್ಯುಯಲ್‌ನಲ್ಲಿ ಎಸ್‌ಎನ್ ಅಂತಿದ್ರೆ ಎಸ್‌ಪಿ ಹಾಕಬಹುದು, ತಿರುವುಮುರುವು ಆಗಲ್ಲ. ಡಬ್ಬದ ಹಿಂದೆ ದುಂಡಗೆ ಬಳೆ ಥರ ಒಂದು ಗುರುತು ಇರತ್ತೆ, ಅದರ ಮೇಲಿನ ಅರ್ಧದಲ್ಲಿ ಈ ಅಕ್ಷರ, ನಡುವೆ ಗ್ರೇಡ್.

ಹೊಸ ಟರ್ಬೋ ಪೆಟ್ರೋಲ್ ಪಿಕಪ್ ತಗೊಂಡೋರು ಎಸ್‌ಪಿಗಿಂತ ಹಳೇದನ್ನ ಮುಟ್ಟಬೇಡಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಕಾರಣ ಕೇಳಿ. ಸಣ್ಣ ಟರ್ಬೋ ಇಂಜಿನ್, ಪೆಟ್ರೋಲ್‌ನ ನೇರ ಸಿಲಿಂಡರ್ ಒಳಗೇ ಚಿಮ್ಮಿಸೋದು, ಕಡಿಮೆ ಆರ್‌ಪಿಎಂನಲ್ಲಿ ಗೇರ್ ಇಳಿಸದೆ ಆಕ್ಸಿಲರೇಟರ್ ತುಳಿಯೋದು, ಈ ಮೂರೂ ಸೇರಿದಾಗ ಸ್ಪಾರ್ಕ್ ಬರೋಕೆ ಮುಂಚೆನೇ ಮಿಶ್ರಣ ತಾನೇ ಹೊತ್ಕೊಂಡು ಬಿಡೋ ಒಂದು ತೊಂದರೆ ಇದೆ, ಎಲ್‌ಎಸ್‌ಪಿಐ ಅಂತಾರೆ. ಜೋರಾಗಿ ಬಂದ್ರೆ ಪಿಸ್ಟನ್ ರಿಂಗ್ ಮಧ್ಯದ ಭಾಗನೇ ಒಡೆದುಹೋಗತ್ತೆ, ನೂರು ಸಲ ಬೇಕಿಲ್ಲ, ಒಂದೆರಡು ಸಲ ಸಾಕು. ಹುಡುಕ್ತಾ ಹೋದಾಗ ಗೊತ್ತಾಗಿದ್ದೇನಂದ್ರೆ ಆಯಿಲ್‌ನ ಡಿಟರ್ಜೆಂಟ್‌ನಲ್ಲಿರೋ ಕ್ಯಾಲ್ಸಿಯಂ ಇದನ್ನ ಹೆಚ್ಚಿಸತ್ತೆ ಅಂತ. ಅದಕ್ಕೇ ಕ್ಯಾಲ್ಸಿಯಂ ಕಮ್ಮಿ ಮಾಡಿ ಮೆಗ್ನೀಸಿಯಂ ಡಿಟರ್ಜೆಂಟ್ ಸೇರಿಸಿದ್ರು, 2018ರ ಎಸ್‌ಎನ್ ಪ್ಲಸ್‌ನಲ್ಲಿ ಇದಕ್ಕೆ ಟೆಸ್ಟ್ ಬಂತು, ಎಸ್‌ಪಿಯಲ್ಲಿ ಅದರ ಜೊತೆ ಟೈಮಿಂಗ್ ಚೈನ್ ಸವೆತದ ಟೆಸ್ಟೂ ಸೇರ್ತು. ಅಂದ್ರೆ ಹಳೇ ಎಸ್‌ಎಂ ಅಂತ ಬರೆದಿರೋ ಆಯಿಲ್ ಎಷ್ಟೇ ಒಳ್ಳೇ ಬ್ರ್ಯಾಂಡ್ ಆಗಿದ್ರೂ, ಎಷ್ಟೇ ಗಟ್ಟಿ ಇದ್ರೂ, ಈ ಒಂದು ವಿಷಯದಲ್ಲಿ ಅದು ಪರೀಕ್ಷೆಗೇ ಕೂತಿಲ್ಲ.

ಡೀಸೆಲ್ ಪಿಕಪ್ ಆದ್ರೆ ಇನ್ನೂ ಎಚ್ಚರ ಬೇಕು. ಈಗಿನ ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರತ್ತೆ, ಹೊಗೆಯ ಮಸಿ ಹಿಡಿಯೋಕೆ. ಮಸಿ ತುಂಬಿದಾಗ ಇಂಜಿನ್ನೇ ಅದನ್ನ ಕಾಯಿಸಿ ಸುಟ್ಟು ಖಾಲಿ ಮಾಡ್ಕೊಳತ್ತೆ. ಆದ್ರೆ ಇಂಜಿನ್ ಒಳಗೆ ಸ್ವಲ್ಪ ಸ್ವಲ್ಪ ಉರಿಯೋ ಆಯಿಲ್‌ನಿಂದ ಬರೋ ಬೂದಿ ಇದ್ಯಲ್ಲ, ಅದು ಲೋಹದ ಸಂಯುಕ್ತ, ಅದನ್ನ ಸುಡೋಕೆ ಆಗಲ್ಲ. ಒಲೆಯಲ್ಲಿ ಸೌದೆ ಉರಿದುಹೋದ್ರೂ ಬೂದಿ ಉಳಿಯಲ್ವಾ, ಹಂಗೆ ಅದು ಫಿಲ್ಟರ್ ಒಳಗೇ ಕೂತು ಕೂತು ಒಂದಿನ ದಾರಿ ಕಟ್ಟತ್ತೆ. ಡಿಪಿಎಫ್ ಬದಲಾಯಿಸೋ ಖರ್ಚಿನ ಮುಂದೆ ಆಯಿಲ್ ಖರ್ಚು ಏನೇನೂ ಅಲ್ಲ. ಇದಕ್ಕೇ ಕಮ್ಮಿ ಬೂದಿಯ ಆಯಿಲ್ ಬೇಕು, ಯೂರೋಪಿನ ಎಸಿಇಎ ಸ್ಟ್ಯಾಂಡರ್ಡ್‌ನಲ್ಲಿ 'ಸಿ' ಸಾಲು ಇದಕ್ಕೇ ಇರೋದು. ಸಿ3 ಅಂದ್ರೆ ಬೂದಿ 0.8 ಶೇಕಡಾ ಮೀರೋ ಹಂಗಿಲ್ಲ, ಎಚ್‌ಟಿಎಚ್‌ಎಸ್ ಕನಿಷ್ಠ 3.5. ಸಿ2 ಅಂದ್ರೆ ಎಚ್‌ಟಿಎಚ್‌ಎಸ್ ಕನಿಷ್ಠ 2.9, ಸಿ5 ಅಂದ್ರೆ 2.6. ಪಕ್ಕದಲ್ಲೇ ಎ3/ಬಿ4 ಅಂತ ಇನ್ನೊಂದು ಡಬ್ಬ ಇರತ್ತೆ, ಅದೂ 5ಡಬ್ಲ್ಯು-30 ಅಂತಾನೇ ಬರೆದಿರತ್ತೆ, ತುಂಬಾ ಒಳ್ಳೇ ಆಯಿಲ್ಲೇ, ಆದ್ರೆ ಅದರ ಬೂದಿ 1.6 ಶೇಕಡಾವರೆಗೂ ಇರಬಹುದು. ಡಿಪಿಎಫ್ ಇರೋ ಗಾಡಿಗೆ ಅದು ಸಲ್ಲ. ಎಪಿಐ ಥರ ಇಲ್ಲಿ ದೊಡ್ಡ ನಂಬರ್ ಚಿಕ್ಕದರ ಜಾಗ ತುಂಬಲ್ಲ ಅನ್ನೋದೂ ನೆನಪಿರಲಿ, ಸಿ3 ಕೇಳಿರೋ ಕಡೆ ಸಿ5 ಹಾಕೋ ಹಂಗಿಲ್ಲ. ಜಪಾನಿನ ಡೀಸೆಲ್ ಪಿಕಪ್‌ಗಳಲ್ಲಿ ಜಾಸೋ ಡಿಎಲ್-1 ಅನ್ನೋ ಅಲ್ಲಿನ ಸ್ಟ್ಯಾಂಡರ್ಡ್ ಕೇಳಿರಬಹುದು, ಅದರ ಬೂದಿ ಇನ್ನೂ ಕಮ್ಮಿ, ಸುಮಾರು 0.6 ಶೇಕಡಾ.

ದೊಡ್ಡ ಅಮೆರಿಕನ್ ಡೀಸೆಲ್ ಪಿಕಪ್‌ಗಳ ಲೋಕ ಬೇರೆ, ಅಲ್ಲಿ ಎಪಿಐನ 'ಸಿ' ಸಾಲು, 2016ರ ಡಿಸೆಂಬರ್‌ನಲ್ಲಿ ಸಿಕೆ-4 ಮತ್ತೆ ಎಫ್‌ಎ-4 ಒಟ್ಟಿಗೇ ಬಂದ್ವು. ಸಿಕೆ-4 ಹಳೇ ಇಂಜಿನ್‌ಗೂ ನಡೆಯತ್ತೆ, ಎಫ್‌ಎ-4 ಹಂಗಲ್ಲ, ಅದು ಅದಕ್ಕಂತಲೇ ಡಿಸೈನ್ ಆದ ಟ್ರಕ್ ಇಂಜಿನ್‌ಗಳಿಗೆ ಮಾಡಿದ ತೆಳು ಆಯಿಲ್. ಎರಡರ ಡಬ್ಬದ ಮೇಲೂ 10ಡಬ್ಲ್ಯು-30 ಅಂತ ಇರಬಹುದು, ಅಲ್ಲೇ ಮೋಸ ಹೋಗೋದು. ಇನ್ನೊಂದು, ಸಿಕೆ-4 ಬಂದಾಗ ಅದರಲ್ಲಿ ರಂಜಕ ಕಮ್ಮಿ ಮಾಡಿರೋ ಕೆಲವು ಆಯಿಲ್ ತನ್ನ ಡೀಸೆಲ್ ಇಂಜಿನ್‌ನ ವಾಲ್ವ್ ಭಾಗಗಳ ಸವೆತ ತಡೆಯೋಕೆ ಸಾಲಲ್ಲ ಅಂತ ಫೋರ್ಡ್ ತನ್ನದೇ ಒಂದು ಸ್ಪೆಸಿಫಿಕೇಶನ್ ಹೊರಡಿಸ್ತು, ಡಬ್ಲ್ಯುಎಸ್‌ಎಸ್-ಎಂ2ಸಿ171-ಎಫ್1 ಅಂತ. ಬಾಯಿ ತಿರುಗದ ಈ ಹೆಸರು ಯಾಕೆ ಬರೆದೆ ಅಂದ್ರೆ, ಮ್ಯಾನ್ಯುಯಲ್‌ನಲ್ಲಿ ಇಂಥ ಉದ್ದ ಕೋಡ್ ಕಂಡ್ರೆ ಅದು ಅಲಂಕಾರಕ್ಕೆ ಬರೆದಿದ್ದಲ್ಲ, ಸಾಮಾನ್ಯ ಸ್ಟ್ಯಾಂಡರ್ಡ್ ಸಾಲದೇ ಹೋದಾಗ ಇಂಜಿನ್ ಮಾಡಿದೋರೇ ಸೇರಿಸಿದ ಷರತ್ತು ಅದು. ಜನರಲ್ ಮೋಟರ್ಸ್‌ನ ಡೆಕ್ಸೋಸ್, ಫೋಕ್ಸ್‌ವ್ಯಾಗನ್‌ನ 507 00 ಇವೆಲ್ಲ ಅದೇ ಜಾತಿ. ಕೆಲವು ಇಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟೇ ಆಯಿಲ್ ಒಳಗೆ ಮುಳುಗಿ ಓಡತ್ತೆ, ಅಂಥದಕ್ಕೆ ಬೇರೆ ಆಯಿಲ್ ಹಾಕಿದ್ರೆ ರಬ್ಬರ್ ಉಬ್ಬಿ ಚೂರುಚೂರಾಗಿ ಪಂಪ್‌ನ ಜಾಲರಿಗೆ ಸಿಕ್ಕಿಹಾಕ್ಕೊಳತ್ತೆ, ಇಂಜಿನ್‌ಗೆ ಆಯಿಲ್ಲೇ ಹೋಗಲ್ಲ. ಇಂಥ ಇಂಜಿನ್ ಇದ್ರೆ ಕೋಡ್ ಅಕ್ಷರಕ್ಕೆ ಅಕ್ಷರ ಕೂಡ್ಬೇಕು, ಬೇರೆ ಮಾತೇ ಇಲ್ಲ.

ಡಬ್ಬ ಓದೋವಾಗ ಶಬ್ದಗಳ ಮೇಲೂ ಗಮನ ಇಡಿ. "ಅಪ್ರೂವ್ಡ್" ಅಥವಾ "ಲೈಸೆನ್ಸ್ಡ್" ಅಂದ್ರೆ ಇಂಜಿನ್ ಕಂಪನಿ ಅಥವಾ ಸಂಸ್ಥೆ ಪರೀಕ್ಷೆಯ ಫಲಿತಾಂಶ ನೋಡಿ ಒಪ್ಕೊಂಡಿದೆ ಅಂತ. "ಮೀಟ್ಸ್ ದ ರಿಕ್ವೈರ್‌ಮೆಂಟ್ಸ್", "ಸೂಟಬಲ್ ಫಾರ್", "ರೆಕಮೆಂಡೆಡ್ ಫಾರ್" ಅಂತಿದ್ರೆ ಅದು ಆಯಿಲ್ ಮಾಡಿದವನ ಮಾತು, ಅವನ ಮಾತು ನಿಜನೇ ಇರಬಹುದು, ಆದ್ರೆ ಸಾಕ್ಷಿ ಅವನೇ. ಎಪಿಐ ಮತ್ತೆ ಡೆಕ್ಸೋಸ್ ಎರಡಕ್ಕೂ ಲೈಸೆನ್ಸ್ ಪಡೆದ ಆಯಿಲ್‌ಗಳ ಪಟ್ಟಿ ಆನ್‌ಲೈನ್‌ನಲ್ಲಿ ಸಿಗತ್ತೆ, ಹೆಸರು ಹಾಕಿ ನೋಡೋಕೆ ಎರಡು ನಿಮಿಷ. ವಾರಂಟಿ ಇರೋ ಹೊಸ ಗಾಡಿಗೆ ನಾನಂತೂ ಲೈಸೆನ್ಸ್ ಇರೋದನ್ನೇ ಹಾಕೋದು, ಬ್ರ್ಯಾಂಡ್ ಯಾವುದೇ ಇರ್ಲಿ. ಬ್ರ್ಯಾಂಡ್ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ, ಒಂದೇ ಅಪ್ರೂವಲ್ ಇರೋ ಎರಡು ಹೆಸರಾಂತ ಬ್ರ್ಯಾಂಡ್ ಮಧ್ಯೆ ನಿಮ್ಮ ಇಂಜಿನ್‌ಗೆ ಗೊತ್ತಾಗೋಷ್ಟು ವ್ಯತ್ಯಾಸ ಇರತ್ತೆ ಅಂತ ನಾನು ನಂಬಲ್ಲ. ನಕಲಿ ಡಬ್ಬದ ಭಯ ನಿಜವಾದದ್ದು, ಸೀಲ್ ಮತ್ತೆ ಬ್ಯಾಚ್ ನಂಬರ್ ನೋಡಿ ತಗೊಳ್ಳಿ.

ಸಿಂಥೆಟಿಕ್ಕೋ ಮಿನರಲ್ಲೋ ಅನ್ನೋದು ಇನ್ನೊಂದು ಮುಗಿಯದ ಚರ್ಚೆ. ಬೇಸ್ ಆಯಿಲ್‌ನಲ್ಲಿ ಐದು ಗುಂಪು, ಒಂದು ಎರಡು ಮೂರು ಕಚ್ಚಾ ತೈಲದಿಂದ ಬರೋದು, ಮೂರನೇದು ಹೈಡ್ರೋಜನ್ ಹಾಕಿ ತುಂಬಾ ಶುದ್ಧ ಮಾಡಿದ್ದು, ನಾಲ್ಕನೇದು ಪಿಎಒ ಅನ್ನೋ ಕಟ್ಟಿ ಮಾಡಿದ ಅಣು, ಮಿಕ್ಕಿದ್ದೆಲ್ಲ ಐದು. ಮೂರನೇ ಗುಂಪನ್ನ ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ಎರಡು ಕಂಪನಿ ಮಧ್ಯೆ ವಾದ ಆಗಿ 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಸಂಸ್ಥೆ ಅನ್ನಬಹುದು ಅಂತ ಹೇಳ್ತು, ಅಲ್ಲಿಂದ "ಫುಲ್ಲಿ ಸಿಂಥೆಟಿಕ್" ಅನ್ನೋ ಹೆಸರು ಮಾರಾಟದ ಮಾತಾಯ್ತು. ನಿಮ್ಮ ತಲೆನೋವಲ್ಲ ಅದು. 0ಡಬ್ಲ್ಯು-20 ಅಥವಾ ಒಳ್ಳೇ ಅಪ್ರೂವಲ್ ಇರೋ 5ಡಬ್ಲ್ಯು-30 ತಗೊಂಡ್ರೆ ಅದು ಹೆಚ್ಚುಕಮ್ಮಿ ಸಿಂಥೆಟಿಕ್ಕೇ ಆಗಿರತ್ತೆ, ಮಿನರಲ್ ಬೇಸ್‌ನಲ್ಲಿ ಆ ಚಳಿ ಪರೀಕ್ಷೆ ಪಾಸು ಮಾಡೋದು ಕಷ್ಟ.

ಈಗ ನಿಮ್ಮ ಬಳಕೆ ವಿಷಯ, ಪಿಕಪ್ ಅಂದ್ಮೇಲೆ ಇದೇ ಕಾರಿಗೂ ಅದಕ್ಕೂ ಇರೋ ವ್ಯತ್ಯಾಸ. ತುಂಬಿದ ಟ್ರೇಲರ್ ಎಳ್ಕೊಂಡು ಏರು ಹತ್ತೋವಾಗ ಆಯಿಲ್ ಬಿಸಿ 120 ಡಿಗ್ರಿ ದಾಟೋದು ದೊಡ್ಡ ಮಾತಲ್ಲ, ಬಿಸಿ ಏರಿದಷ್ಟೂ ಆಯಿಲ್ ಬೇಗ ಹಳೇದಾಗತ್ತೆ, ಪಾಲಿಮರ್ ತುಂಡಾಗಿ 30 ಇದ್ದದ್ದು ಮೆಲ್ಲಗೆ 20ರ ಕಡೆ ಜಾರತ್ತೆ. ಲೋಡ್ ಎಳೆಯೋನು ಆಯಿಲ್ ಬದಲಾಯಿಸೋ ಅವಧಿನೇ ಕಮ್ಮಿ ಮಾಡ್ಕೋಬೇಕು, ಮ್ಯಾನ್ಯುಯಲ್‌ನಲ್ಲಿ "ಸಿವಿಯರ್" ಅಂತ ಬೇರೆ ಕೋಷ್ಟಕ ಇರೋದು ಅದಕ್ಕೇ. ನಮ್ದು ಅಷ್ಟು ಕಷ್ಟದ ಬಳಕೆ ಅಲ್ಲ ಅಂತ ಎಲ್ರಿಗೂ ಅನ್ಸತ್ತೆ. ಆದ್ರೆ ಆ ಪಟ್ಟಿ ಓದಿ ನೋಡಿ, ಧೂಳಿನ ರಸ್ತೆ, ಇಂಜಿನ್ ಬಂದ್ ಮಾಡದೆ ಗಂಟೆಗಟ್ಲೆ ನಿಲ್ಸೋದು, ನಾಲ್ಕೈದು ಕಿಲೋಮೀಟರ್‌ನ ಸಣ್ಣ ಓಡಾಟ, ಎಲ್ಲಾ ಅದರಲ್ಲೇ ಇರತ್ತೆ. ಸಣ್ಣ ಓಡಾಟ ಕೆಟ್ಟದ್ದು ಅಂದ್ರೆ ಜನ ನಂಬಲ್ಲ. ಇಂಜಿನ್ ಪೂರ್ತಿ ಬಿಸಿಯಾಗದೆ ಇದ್ರೆ ಆಯಿಲ್‌ಗೆ ಸೇರಿದ ಪೆಟ್ರೋಲ್ ಮತ್ತೆ ನೀರಿನಂಶ ಆವಿಯಾಗಿ ಹೋಗಲ್ಲ, ಅಲ್ಲೇ ಉಳ್ಕೊಂಡು ಆಯಿಲ್‌ನ ನೀರು ಮಾಡತ್ತೆ. ಹಾಗಾಗಿ ದಿನಾ ಸ್ವಲ್ಪ ಓಡಿ ಮನೆಗೆ ಬರೋ ಗಾಡಿಗೆ ಕಿಲೋಮೀಟರ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಬದಲಾಯಿಸಿ.

ಹೊಸ ಇಂಜಿನ್ ಅಂದ್ರೆ ಮೊದಲ ಆಯಿಲ್ ಬೇಗ ಇಳಿಸ್ಬೇಕಾ ಅನ್ನೋ ಪ್ರಶ್ನೆ ಬಂದೇ ಬರತ್ತೆ. ಮೊದಲ ಓಟದಲ್ಲಿ ರಿಂಗ್, ಸಿಲಿಂಡರ್ ಗೋಡೆ ಒಂದಕ್ಕೊಂದು ಕೂರೋವಾಗ ಲೋಹದ ಪುಡಿ ಬರೋದು ನಿಜ, ಫಿಲ್ಟರ್ ದೊಡ್ಡದನ್ನ ಹಿಡಿಯತ್ತೆ. ಕೆಲವು ಕಂಪನಿ ಕಾರ್ಖಾನೆಯಲ್ಲಿ ಹಾಕಿದ ಆಯಿಲ್‌ನ ಅವಧಿ ಮುಗಿಯೋವರೆಗೆ ಇಳಿಸ್ಬೇಡಿ ಅಂತ ಸ್ಪಷ್ಟ ಹೇಳತ್ತೆ, ಹಂಗೆ ಹೇಳಿದ್ರೆ ಕೇಳಿ. ಹೇಳದೇ ಇದ್ರೆ ನಾನು ಮೊದಲ ಬದಲಾವಣೆನ ಅರ್ಧ ಅವಧಿಗೇ ಮಾಡ್ತೀನಿ, ಇದಕ್ಕೆ ನನ್ನ ಹತ್ರ ಲ್ಯಾಬ್ ಪುರಾವೆ ಇಲ್ಲ, ಮನಸ್ಸಿನ ನೆಮ್ಮದಿಗೆ ಮಾಡೋದು. ಆ ಮೊದಲ ಆಯಿಲ್‌ನ ಲ್ಯಾಬ್‌ಗೆ ಕಳಿಸಿದ್ರೆ ಕಬ್ಬಿಣ, ತಾಮ್ರ, ಸಿಲಿಕಾನ್ ಎಲ್ಲಾ ಜಾಸ್ತಿ ಬರತ್ತೆ, ಗಾಬರಿ ಬೇಡ, ಹೊಸ ಇಂಜಿನ್‌ನಲ್ಲಿ ಸಿಲಿಕಾನ್ ಬರೋದು ಧೂಳಿಂದ ಅಂತಲ್ಲ, ಜೋಡಿಸೋವಾಗ ಹಾಕಿದ ಸೀಲಂಟ್‌ನಿಂದ. ಅಂಗಡಿಯಲ್ಲಿ ಸಿಗೋ ಸಣ್ಣ ಸಣ್ಣ ಅಡಿಟಿವ್ ಬಾಟಲಿ ಯಾವುದನ್ನೂ ಹಾಕ್ಬೇಡಿ, ಲೈಸೆನ್ಸ್ ಆದ ಆಯಿಲ್‌ನ ಲೆಕ್ಕಾಚಾರ ಅದರಿಂದ ಹಾಳಾಗತ್ತೆ ಅಷ್ಟೇ.

ಎಷ್ಟು ಹಾಕ್ಬೇಕು ಅನ್ನೋದಕ್ಕೂ ಮ್ಯಾನ್ಯುಯಲ್ಲೇ ನೋಡಿ, ಪಿಕಪ್‌ಗಳಲ್ಲಿ ಇದು ಭಾರಿ ವ್ಯತ್ಯಾಸ. ರ್‍ಯಾಮ್ 1500ನ 5.7 ಲೀಟರ್ ಹೆಮಿಗೆ 6.6 ಲೀಟರ್, ಅದೇ ರ್‍ಯಾಮ್‌ನ ದೊಡ್ಡ ಗಾಡಿಯ 6.7 ಲೀಟರ್ ಕಮ್ಮಿನ್ಸ್ ಡೀಸೆಲ್‌ಗೆ 11 ಲೀಟರ್ ದಾಟತ್ತೆ. ಕಮ್ಮಿ ಹಾಕಿದ್ರೆ ಕೆಡತ್ತೆ ಅಂತ ಎಲ್ರಿಗೂ ಗೊತ್ತು, ಜಾಸ್ತಿ ಆದ್ರೂ ಅಷ್ಟೇ ಕೆಟ್ಟದ್ದು, ತಿರುಗೋ ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸತ್ತೆ, ನೊರೆಯಲ್ಲಿರೋ ಗಾಳಿ ಬೇರಿಂಗ್ ಕಾಯಲ್ಲ. ದಾರಿಯಲ್ಲಿ ಲೆವೆಲ್ ಕಮ್ಮಿ ಆಗಿ ನಿಮ್ಮ ಆಯಿಲ್ ಸಿಗದೇ ಇದ್ರೆ ಬೇರೆ ಬ್ರ್ಯಾಂಡ್ ಅರ್ಧ ಲೀಟರ್ ಸೇರಿಸೋಕೆ ಹೆದರಬೇಡಿ, ಎಪಿಐ ಲೈಸೆನ್ಸ್ ಆದ ಆಯಿಲ್‌ಗಳು ಒಂದಕ್ಕೊಂದು ಬೆರೆಯಲೇಬೇಕು ಅನ್ನೋದೂ ಪರೀಕ್ಷೆಯ ಭಾಗ. ಆಯಿಲ್ ಕಮ್ಮಿ ಇಟ್ಕೊಂಡು ಮನೆವರೆಗೆ ಓಡಿಸೋದು ಅದಕ್ಕಿಂತ ಎಷ್ಟೋ ಕೆಟ್ಟದ್ದು.

ಕೊನೇದಾಗಿ ಡಿಪ್‌ಸ್ಟಿಕ್. ಡೀಸೆಲ್ ಪಿಕಪ್ ತಗೊಂಡ ಹೊಸದರಲ್ಲಿ ನಾನು ವಾರಕ್ಕೊಂದ್ಸಲ ಲೆವೆಲ್ ನೋಡಿ ಪುಸ್ತಕದಲ್ಲಿ ಬರೀತಿದ್ದೆ, ಮೊದಲ ತಿಂಗಳು ಸ್ವಲ್ಪ ಇಳೀತು, ರಿಂಗ್ ಕೂರೋವರೆಗೆ ಅದು ಮಾಮೂಲಿ. ಆಮೇಲೆ ಒಂದು ಹೊತ್ತಿನಲ್ಲಿ ಲೆವೆಲ್ ಇಳಿಯೋ ಬದ್ಲು ಏರೋಕೆ ಶುರುವಾಯ್ತು, ಮ್ಯಾಕ್ಸಿಮಮ್ ಗೆರೆ ದಾಟಿ ಮೇಲೆ ಹೋಯ್ತು. ಸರ್ವೀಸ್‌ನಲ್ಲಿ ಕೇಳಿದ್ರೆ "ಆಯಿಲ್ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸರ್" ಅಂದ್ರು, ನನಗೆ ಇವತ್ತಿಗೂ ಆ ಮಾತು ನೆನೆಸ್ಕೊಂಡ್ರೆ ಬೇಜಾರಾಗತ್ತೆ. ಆಯಿಲ್ ಎಲ್ಲಿಂದ ಹುಟ್ಟತ್ತೆ? ಆಗಿದ್ದೇನಂದ್ರೆ ನನ್ನ ಓಡಾಟ ಎಲ್ಲಾ ಚಿಕ್ಕದು, ಡಿಪಿಎಫ್ ಸುಡೋಕೆ ಶುರುವಾದಾಗ ಸಿಲಿಂಡರ್‌ಗೆ ತಡವಾಗಿ ಹೆಚ್ಚುವರಿ ಡೀಸೆಲ್ ಚಿಮ್ಮತ್ತೆ, ಆ ಕೆಲಸ ಮುಗಿಯೋ ಮುಂಚೆನೇ ನಾನು ಕೀ ತೆಗೀತಿದ್ದೆ, ಅದು ಮತ್ತೆ ಮತ್ತೆ ಶುರುವಾಗ್ತಿತ್ತು, ಪ್ರತಿ ಸಲ ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆ ತೊಳ್ಕೊಂಡು ಕೆಳಗಿನ ಆಯಿಲ್‌ಗೆ ಸೇರ್ತಿತ್ತು. ಡಿಪ್‌ಸ್ಟಿಕ್ ಮೂಗಿನ ಹತ್ರ ಹಿಡಿದ್ರೆ ಡೀಸೆಲ್ ವಾಸನೆ ಸ್ಪಷ್ಟವಾಗಿ ಬರ್ತಿತ್ತು. ಅವತ್ತೇ ಆಯಿಲ್ ಮತ್ತೆ ಫಿಲ್ಟರ್ ಬದಲಾಯಿಸಿದೆ, ಅದೇ ಗ್ರೇಡ್, ಅದೇ ಸಿ ಸಾಲಿನ ಅಪ್ರೂವಲ್, ವಾರಕ್ಕೊಂದ್ಸಲ ಅರ್ಧ ಗಂಟೆ ನಿಲ್ಲಿಸದೆ ದೊಡ್ಡ ರಸ್ತೆಯಲ್ಲಿ ಓಡಿಸೋಕೆ ಶುರು ಮಾಡಿದೆ. ಅದಾದ ಮೇಲೆ ಲೆವೆಲ್ ಗೆರೆ ದಾಟಿಲ್ಲ.